ಒಂದೇ ಪರದೆ, ಎರಡು ಯಂತ್ರ: ಕೆಮ್ಮಣ್ಣಿನ ಮನೆಗೆ ಯಾವ ಮಾನಿಟರ್?

ಮಾನಿಟರ್ ಕೊಳ್ಳಲು ಹೋದವರು ಅದರ ಮುಖ ನೋಡಿ ಬರುತ್ತಾರೆ. ಎಷ್ಟು ಇಂಚು, ಅಂಚು ಎಷ್ಟು ತೆಳು, ಬಣ್ಣ ಎಷ್ಟು ಗಾಢ ಎಂದು ವಿಚಾರಿಸುತ್ತಾರೆ. ಲ್ಯಾಪ್‌ಟಾಪಿಗೂ ಗೇಮ್ ಕನ್ಸೋಲಿಗೂ ಒಂದೇ ಪರದೆ ಸಾಕು ಎಂದುಕೊಂಡವರು ಮೊದಲು ನೋಡಬೇಕಾದದ್ದು ಅದರ ಬೆನ್ನನ್ನು. ಏಳೆಂಟು ಸಾವಿರ ರೂಪಾಯಿಯ ಎಷ್ಟೋ ಮಾನಿಟರುಗಳ ಹಿಂದೆ ಒಂದೇ ಒಂದು ಎಚ್‌ಡಿಎಂಐ ಪೋರ್ಟ್ ಇರುತ್ತದೆ, ಅದರ ಪಕ್ಕದಲ್ಲಿ ನೀಲಿ ಬಣ್ಣದ ವಿಜಿಎ. ಈ ವಿಜಿಎ ಹಳೆಯ ಡೆಸ್ಕ್‌ಟಾಪುಗಳ ಕಾಲದ್ದು. ಈಗ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಅದು ಕಾಣಸಿಗುವುದಿಲ್ಲ, ಕನ್ಸೋಲಿನಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪಿನ ಕೇಬಲ್ ಕಿತ್ತು ಕನ್ಸೋಲಿನದ್ದು ಸಿಕ್ಕಿಸಬೇಕು, ಬೆಳಿಗ್ಗೆ ಮತ್ತೆ ಅದನ್ನು ಕಿತ್ತು ಇದನ್ನು. ದಿನಕ್ಕೆರಡು ಸಲ ಹೀಗೆ ಎಳೆದಾಡಿದರೆ ಪೋರ್ಟು ಸಡಿಲವಾಗುತ್ತದೆ, ಚಿತ್ರ ಮಿನುಗತೊಡಗುತ್ತದೆ. ಐನೂರು ರೂಪಾಯಿ ಆಸುಪಾಸಿನ ಎಚ್‌ಡಿಎಂಐ ಸ್ವಿಚ್ ಹಾಕಿ ಇದನ್ನು ತಪ್ಪಿಸಬಹುದು. ಆದರೆ ಅಗ್ಗದ ಸ್ವಿಚ್ಚುಗಳಲ್ಲಿ ಬಹಳಷ್ಟು 60 ಹರ್ಟ್ಸ್ ದಾಟುವುದಿಲ್ಲ. ಕೊಳ್ಳುವಾಗಲೇ "ಎರಡು ಎಚ್‌ಡಿಎಂಐ ಉಂಟಾ?" ಎಂದು ಕೇಳಿಬಿಡುವುದು ಒಳ್ಳೆಯದು. ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇದ್ದರೂ ನಡೆಯುತ್ತದೆ. ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟು ಚಿತ್ರ ಹೊರಗೆ ಕಳಿಸುವಂಥದ್ದಾದರೆ, ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ಕೇಬಲ್ ಸಿಗುತ್ತದೆ. ಎಲ್ಲ ಟೈಪ್-ಸಿ ಪೋರ್ಟುಗಳೂ ಚಿತ್ರ ಕಳಿಸುವುದಿಲ್ಲ ಎಂಬುದು ನೆನಪಿರಲಿ. ಚಾರ್ಜು ಮತ್ತು ಪೆನ್‌ಡ್ರೈವಿಗಷ್ಟೇ ಇರುವವೂ ಉಂಟು.

ಉಡುಪಿ ಬಳಿಯ ಕೆಮ್ಮಣ್ಣಿನಂಥ ಊರಿನಲ್ಲಿ ಎರಡು ಯಂತ್ರಕ್ಕೆ ಒಂದೇ ಪರದೆ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಸ್ವರ್ಣಾ ನದಿ ಕಡಲು ಸೇರುವ ಮುನ್ನ ಕುದ್ರುಗಳ ನಡುವೆ ಹರಡಿಕೊಳ್ಳುವ ಈ ಜಾಗ ಹೊರಗಿನವರಿಗೆ ತೂಗುಸೇತುವೆಯಿಂದ ಪರಿಚಿತ. ಇಲ್ಲಿಂದ ಹೆದ್ದಾರಿಗೆ ಬಂದರೆ ಸಂತೆಕಟ್ಟೆ, ಅಲ್ಲಿ ರೋಬೋಸಾಫ್ಟ್. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ಕಟ್ಟಿದ ಈ ಕಂಪನಿ ಮ್ಯಾಕ್ ಕಂಪ್ಯೂಟರುಗಳ ತಂತ್ರಾಂಶದಿಂದ ಶುರುಮಾಡಿ ಮೊಬೈಲ್ ಆ್ಯಪ್‌ಗಳತ್ತ ಹೊರಳಿತು. ಅದೇ ಬಳಗದಿಂದ 99ಗೇಮ್ಸ್ ಹುಟ್ಟಿತು. 2013ರ 'ಧೂಮ್ 3' ಆಟ, 2014ರ 'ಸ್ಟಾರ್ ಶೆಫ್' ಉಡುಪಿಯಲ್ಲಿ ಕೂತವರು ಮಾಡಿದ ಆಟಗಳು. ಗೇಮ್ ಎಂದರೆ ಮಕ್ಕಳು ಹಾಳಾಗುವ ದಾರಿ ಎಂದು ಗೊಣಗುವ ಹಿರಿಯರಿಗೆ ಇದನ್ನು ಹೇಳಲೇಬೇಕು. ಈ ತಾಲೂಕಿನಲ್ಲಿ ಆಟ ಬರೆದು ಸಂಬಳ ತಂದವರಿದ್ದಾರೆ. ಇನ್ನೊಂದು ಕಡೆ ಮಣಿಪಾಲ, 1957ರಿಂದ ಎಂಜಿನಿಯರಿಂಗ್ ಓದಿಸುತ್ತ ಬಂದ ಊರು. 2020ರ ನಂತರ ಬೆಂಗಳೂರಿನ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವವರೂ ಸೇರಿಕೊಂಡರು. ಅಣ್ಣ ಹಗಲು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಾನೆ, ತಮ್ಮನಿಗೆ ರಾತ್ರಿ ಫುಟ್ಬಾಲ್ ಗೇಮ್ ಬೇಕು. ಚಾವಡಿಯ ಟಿವಿ ಸಂಜೆಯಾದರೆ ಅಮ್ಮನ ಧಾರಾವಾಹಿಗೆ, ಅಜ್ಜನ ಯಕ್ಷಗಾನದ ವಿಡಿಯೊಗಳಿಗೆ. ಕೋಣೆಯ ಮೇಜಿಗೊಂದು ಪರದೆ ಬೇಕಾಗುವುದು ಹೀಗೆ.

ಅಂಥ ಮನೆಯಲ್ಲಿ ಗಂಟೆ ಲೆಕ್ಕ ಹಾಕಿದರೆ ಪರದೆಯ ಮುಂದೆ ಕಳೆಯುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಓದಿನದ್ದು, ಬರಹದ್ದು. ಆಟದ್ದು ಒಂದೆರಡು ಗಂಟೆ. ಆದರೆ ಜಾಹೀರಾತಿನ ದೊಡ್ಡ ಅಕ್ಷರಗಳೆಲ್ಲ ಆಟದವು. ನನ್ನ ಅಭಿಪ್ರಾಯ ಸ್ಪಷ್ಟ: ಅಕ್ಷರ ಚೆನ್ನಾಗಿ ಕಾಣುವ ಪರದೆಯನ್ನು ಆರಿಸಿ, ಅದರಲ್ಲಿ ಆಟಕ್ಕೆ ಬೇಕಾದದ್ದು ಎಷ್ಟು ಸಿಗುತ್ತದೆ ಎಂದು ಆಮೇಲೆ ನೋಡಬೇಕು.

ಕನ್ನಡ ಓದುವವರಿಗೆ ಈ ಮಾತು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಅನ್ವಯಿಸುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ, ಈ ಜೋಡಿಗಳಲ್ಲಿ ವ್ಯತ್ಯಾಸವೆಂದರೆ ಅಕ್ಷರದ ಅಡಿಯಲ್ಲಿರುವ ಒಂದು ಸಣ್ಣ ಸೀಳು. ಸಾಮಾನ್ಯ ಗಾತ್ರದ ಅಕ್ಷರದಲ್ಲಿ ಆ ಸೀಳಿಗೆ ಪರದೆಯ ಮೇಲೆ ಸಿಗುವುದು ಒಂದೆರಡು ಪಿಕ್ಸೆಲ್. ಪಿಕ್ಸೆಲ್ ದಪ್ಪವಾದಷ್ಟೂ ಸೀಳು ಬೂದುಬಣ್ಣದ ಮಚ್ಚೆಯಾಗುತ್ತದೆ. 'ರಾಷ್ಟ್ರ', 'ಲಕ್ಷ್ಮಿ', 'ಸ್ತ್ರೀ' ಎಂಬಲ್ಲಿ ಒಂದರ ಕೆಳಗೊಂದು ಬರುವ ಒತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಅವು ಕಲಸಿಹೋದರೆ ಕಣ್ಣು ಊಹಿಸಿ ಓದಬೇಕಾಗುತ್ತದೆ. ದಿನವಿಡೀ ಊಹಿಸಿ ಓದಿದ ಕಣ್ಣು ಸಂಜೆ ನೋಯದೆ ಇರದು.

ಪಿಕ್ಸೆಲ್ ಎಷ್ಟು ದಪ್ಪ ಎಂಬುದು ಇಂಚು ಮತ್ತು ರೆಸಲ್ಯೂಶನ್ ಎರಡರಿಂದಲೂ ತೀರ್ಮಾನವಾಗುತ್ತದೆ. 24 ಇಂಚು ಎಂದು ಮಾರುವ, ನಿಜದಲ್ಲಿ 23.8 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಪಿಕ್ಸೆಲ್ಲಿನ ಅಗಲ ಸುಮಾರು 0.275 ಮಿ.ಮೀ., ಅಂದರೆ ಒಂದು ಇಂಚಿಗೆ 92 ಪಿಕ್ಸೆಲ್. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಎಳೆದರೆ 0.311 ಮಿ.ಮೀ., ಇಂಚಿಗೆ 82 ಮಾತ್ರ. 27 ಇಂಚಿನ ಕ್ಯೂಎಚ್‌ಡಿಯಲ್ಲಿ, ಅಂದರೆ 2560×1440ರಲ್ಲಿ, ಇಂಚಿಗೆ 109. 27 ಇಂಚಿನ 4ಕೆಯಲ್ಲಿ 163. ಇವನ್ನು ನಮ್ಮ ಕೈಯಲ್ಲಿರುವ ಲ್ಯಾಪ್‌ಟಾಪಿನ ಪಕ್ಕ ಇಡಿ: 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 141 ಪಿಕ್ಸೆಲ್. ಅದಕ್ಕೆ ಒಗ್ಗಿದ ಕಣ್ಣಿಗೆ 27 ಇಂಚಿನ ಫುಲ್ ಎಚ್‌ಡಿ ದೊಡ್ಡದಾಗಿ ಕಂಡರೂ ಒರಟಾಗಿ ಕಾಣುತ್ತದೆ. ಅಂಗಡಿಯಲ್ಲಿ ಎರಡು ಮೀಟರ್ ದೂರ ನಿಂತು ಸಿನಿಮಾ ತುಣುಕು ನೋಡುವಾಗ ಇದು ಗೊತ್ತಾಗುವುದಿಲ್ಲ. ಮನೆಯ ಮೇಜಿನಲ್ಲಿ ಒಂದು ಮೊಳ, ಒಂದೂವರೆ ಮೊಳ ದೂರದಲ್ಲಿ ಕೂತಾಗ ಗೊತ್ತಾಗುತ್ತದೆ. 27 ಇಂಚು ಬೇಕೆಂದರೆ ಕ್ಯೂಎಚ್‌ಡಿ, ಫುಲ್ ಎಚ್‌ಡಿಯೇ ಸಾಕೆಂದರೆ 24 ಇಂಚು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ ಎಂಬುದು ನನ್ನ ಒತ್ತಾಯ.

ಪರೀಕ್ಷೆ ಸುಲಭ. ಅಂಗಡಿಗೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ಯಿರಿ. ಡಿಸ್‌ಪ್ಲೇ ಪೀಸಿಗೆ ಜೋಡಿಸಿ, ಒಂದು ಕನ್ನಡ ಪತ್ರಿಕೆಯ ಪುಟ ತೆರೆದು, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು ಒಂದು ವರದಿಯನ್ನು ಪೂರ್ತಿ ಓದಿ. ಧ ಮತ್ತು ಭ ಬಂದಲ್ಲೆಲ್ಲ ಅಡಿಯ ಸೀಳು ತೆರೆದು ಕಾಣುತ್ತಿದೆಯೇ ನೋಡಿ. ಮ್ಯಾಕ್‌ಬುಕ್ ಇದ್ದವರು ಇದನ್ನು ಬಿಡಲೇಬಾರದು. 2018ರ ಮೊಹಾವೆ ಆವೃತ್ತಿಯಿಂದ ಆಪಲ್ ತನ್ನ ಅಕ್ಷರ ನಯಗೊಳಿಸುವ ಹಳೆಯ ವಿಧಾನವನ್ನು ಕೈಬಿಟ್ಟಿತು. ಅದರಿಂದ ಕಡಿಮೆ ಸಾಂದ್ರತೆಯ ಪರದೆಗಳಲ್ಲಿ ಮ್ಯಾಕಿನ ಅಕ್ಷರ ಮಸುಕಾಗಿ ಕಾಣುತ್ತದೆ.

ಇನ್ನು ಕನ್ಸೋಲ್. ಇಲ್ಲಿ ಹಣ ಕಳೆದುಕೊಳ್ಳುವ ದೊಡ್ಡ ಜಾಗ ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. ಈಗಿನ ಅಗ್ಗದ ಮಾನಿಟರುಗಳ ಮೇಲೆ 100 ಹರ್ಟ್ಸ್ ಎಂದು ಬರೆದಿರುತ್ತದೆ. ಲ್ಯಾಪ್‌ಟಾಪಿಗೆ ಅದರಿಂದ ಪ್ರಯೋಜನವಿದೆ, ಪುಟ ಸರಿಸುವಾಗ ನಯ ಎದ್ದು ಕಾಣುತ್ತದೆ. ಆದರೆ ಪ್ಲೇಸ್ಟೇಷನ್ 5ಕ್ಕೆ (ಪಿಎಸ್ 5) 100 ಎಂಬ ಮೆಟ್ಟಿಲೇ ಇಲ್ಲ. ಅದು 60ರಲ್ಲಿ ಓಡುತ್ತದೆ, ಇಲ್ಲವೇ 120ರಲ್ಲಿ. ಮಾನಿಟರಿಗೆ 120 ಬಾರದಿದ್ದರೆ 60ಕ್ಕೆ ಇಳಿಯುತ್ತದೆ. ಅಂದರೆ ಕನ್ಸೋಲಿನ ದೃಷ್ಟಿಯಲ್ಲಿ 100 ಹರ್ಟ್ಸ್ ಮಾನಿಟರ್ ಎಂದರೆ 60 ಹರ್ಟ್ಸ್ ಮಾನಿಟರೇ. ಮೇಲಿನ ತುದಿಯಲ್ಲೂ ಇದೇ ಕಥೆ: 180, 240 ಎಂದು ಹೆಚ್ಚು ಕೊಟ್ಟರೆ ಕನ್ಸೋಲಿಗೆ 120ರ ಮೇಲಿನದ್ದೆಲ್ಲ ವ್ಯರ್ಥ. ಜೊತೆಗೆ ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಸಂಖ್ಯೆ ಹಲವು ಸಲ ಡಿಸ್‌ಪ್ಲೇಪೋರ್ಟಿನದ್ದು. ಎಚ್‌ಡಿಎಂಐಯಲ್ಲಿ ಅದೇ ಮಾನಿಟರ್ 144ಕ್ಕೆ ನಿಲ್ಲಬಹುದು. ಕನ್ಸೋಲಿಗೆ ಇರುವುದು ಎಚ್‌ಡಿಎಂಐ ಒಂದೇ, ಹಾಗಾಗಿ ಆ ಸಾಲನ್ನು ಬೇರೆಯಾಗಿ ಓದಬೇಕು. ಎಲ್ಲ ಆಟಗಳೂ 120ರಲ್ಲಿ ಓಡುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಕಥೆ ಹೇಳುವ ದೊಡ್ಡ ಆಟಗಳು ಹೆಚ್ಚಾಗಿ 30 ಅಥವಾ 60 ಫ್ರೇಮಿನವು. ವೇಗದ ಗುಂಡಿನ ಆಟ, ಕಾರ್ ರೇಸ್ ಆಡುವವರಿಗೆ 120 ಕೈಗೆ ತಿಳಿಯುವಂಥ ವ್ಯತ್ಯಾಸ ತರುತ್ತದೆ.

ಯಾವ ಕನ್ಸೋಲಿಗೆ ಯಾವ ರೆಸಲ್ಯೂಶನ್ ಎಂಬುದೂ ಮುಖ್ಯ. ಪಿಎಸ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರುವರಿ 2ರಂದು, ಡಿಸ್ಕ್ ಇರುವುದಕ್ಕೆ 49,990 ರೂಪಾಯಿಗೆ. ಆಗ ಅದಕ್ಕೆ 1440ಪಿ ಬರುತ್ತಿರಲಿಲ್ಲ. ಕ್ಯೂಎಚ್‌ಡಿ ಮಾನಿಟರ್ ಇದ್ದವರು 1080ಪಿ ಚಿತ್ರವನ್ನು ಹಿಗ್ಗಿಸಿ ನೋಡಬೇಕಿತ್ತು. 2022ರ ಸೆಪ್ಟೆಂಬರಿನ ಅಪ್‌ಡೇಟ್ ಅದನ್ನು ಸರಿಪಡಿಸಿತು. ಆದ್ದರಿಂದ ಅದಕ್ಕೂ ಮುಂಚಿನ ಸಲಹೆಗಳನ್ನು ಓದಿ "ಪಿಎಸ್ 5ಕ್ಕೆ ಕ್ಯೂಎಚ್‌ಡಿ ಬೇಡ" ಎನ್ನುವವರ ಮಾತು ಈಗ ಹಳತಾಗಿದೆ. 2020ರ ನವೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಂತೂ 1440ಪಿಯನ್ನೇ ಗುರಿಯಾಗಿಟ್ಟುಕೊಂಡ ಯಂತ್ರ, ಅದಕ್ಕೂ ಕ್ಯೂಎಚ್‌ಡಿ ಪರದೆಗೂ ಹೊಂದಾಣಿಕೆ ಚೆನ್ನ. ಸೆಕೆಂಡ್‌ಹ್ಯಾಂಡ್ ಪಿಎಸ್ 4 ಅಥವಾ ಮೊದಲ ನಿಂಟೆಂಡೊ ಸ್ವಿಚ್ ಇದ್ದವರಿಗೆ ಲೆಕ್ಕ ಬೇರೆ. ಅವುಗಳಿಂದ ಹೊರಬರುವುದು 1080ಪಿ, 60 ಹರ್ಟ್ಸ್. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಅವು ಪಿಕ್ಸೆಲ್ಲಿಗೆ ಪಿಕ್ಸೆಲ್ ಕೂರುತ್ತವೆ, ದೊಡ್ಡ ಪರದೆಗೆ ಕೊಟ್ಟ ಹಣ ಆಟದಲ್ಲಿ ಕಾಣುವುದಿಲ್ಲ.

ವಿಆರ್‌ಆರ್ ಎಂಬ ಇನ್ನೊಂದು ಸೌಲಭ್ಯವಿದೆ. ಆಟದ ಫ್ರೇಮು ಏರಿಳಿದಂತೆ ಪರದೆಯೂ ತನ್ನ ವೇಗ ಬದಲಿಸಿಕೊಂಡು ಚಿತ್ರ ಹರಿಯದಂತೆ ನೋಡಿಕೊಳ್ಳುತ್ತದೆ. ಪಿಎಸ್ 5ಕ್ಕೆ ಇದು ಬಂದದ್ದು 2022ರ ಏಪ್ರಿಲಿನಲ್ಲಿ. ಅದಕ್ಕೆ ಎಚ್‌ಡಿಎಂಐ 2.1 ಇರುವ ಪರದೆ ಬೇಕು. ಎಕ್ಸ್‌ಬಾಕ್ಸ್ ಹಾಗಲ್ಲ, ಅಗ್ಗದ ಮಾನಿಟರುಗಳಲ್ಲಿ ಸಾಮಾನ್ಯವಾಗಿರುವ ಫ್ರೀಸಿಂಕ್ ಅದಕ್ಕೆ ಸಾಕು. 2.1 ಎಂಬ ಸಂಖ್ಯೆಯನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಈಗಿನ ನಿಯಮದಲ್ಲಿ 2.0ರಷ್ಟೇ ಸಾಮರ್ಥ್ಯವಿರುವ ಪೋರ್ಟಿಗೂ 2.1 ಎಂದು ಹೆಸರಿಡಬಹುದು. 4ಕೆ ಮಾನಿಟರ್ ಕೊಳ್ಳುವವರು "ಎಚ್‌ಡಿಎಂಐಯಲ್ಲಿ 4ಕೆ, 120 ಹರ್ಟ್ಸ್ ಬರುತ್ತದೆಯೇ?" ಎಂದು ಕೇಳಿ ಉತ್ತರ ಪಡೆಯಬೇಕು. 2.0 ಪೋರ್ಟಿನಲ್ಲಿ 4ಕೆ 60ಕ್ಕೆ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪಿನ 1.4 ಪೋರ್ಟಿನಲ್ಲಿ 4ಕೆ 30ಕ್ಕೆ ಇಳಿದು ಮೌಸ್ ಎಳೆದಂತೆ ಚಲಿಸುತ್ತದೆ, ಅದರಲ್ಲಿ ಕೆಲಸ ಮಾಡಲಾಗದು.

ಪ್ಯಾನೆಲ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಐಪಿಎಸ್ ತೆಗೆದುಕೊಳ್ಳಿ. ವಿಎ ಪ್ಯಾನೆಲಿನಲ್ಲಿ ಕಪ್ಪು ಇನ್ನಷ್ಟು ಕಪ್ಪಾಗಿರುತ್ತದೆ ನಿಜ, ಐಪಿಎಸ್‌ನ ಕಾಂಟ್ರಾಸ್ಟ್ ಸಾವಿರಕ್ಕೆ ಒಂದಾದರೆ ಇದರದ್ದು ಮೂರು ಸಾವಿರಕ್ಕೆ ಒಂದು. ಆದರೆ ಅಗ್ಗದ ವಿಎಯಲ್ಲಿ ಕತ್ತಲ ದೃಶ್ಯ ಸರಿದಾಗ ನೆರಳು ಬಳಿದುಕೊಂಡಂತೆ ಹಿಂದೆ ಉಳಿಯುತ್ತದೆ. ಅಗ್ಗದ ಪರದೆಯ ಮೇಲಿನ 'ಎಚ್‌ಡಿಆರ್ 10' ಸ್ಟಿಕ್ಕರಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. 250–300 ನಿಟ್ಸ್ ಬೆಳಕಿನ ಪರದೆ ಆ ಸಂಕೇತವನ್ನು ಸ್ವೀಕರಿಸುತ್ತದೆ, ಅದನ್ನು ತೋರಿಸುವ ಶಕ್ತಿ ಅದಕ್ಕಿಲ್ಲ. 'ಒಂದು ಮಿಲಿಸೆಕೆಂಡ್' ರೆಸ್ಪಾನ್ಸ್ ಟೈಮ್ ಎಂಬ ಜಾಹೀರಾತನ್ನೂ ಅದೇ ಸಾಲಿಗೆ ಸೇರಿಸಿ.

ಟಿವಿಯನ್ನೇ ಮಾನಿಟರ್ ಮಾಡಿದರೇನು ಎಂದು ಕೇಳುವವರಿದ್ದಾರೆ. ಹತ್ತು–ಹನ್ನೆರಡು ಸಾವಿರದ 32 ಇಂಚಿನ ಟಿವಿಗಳು ಹೆಚ್ಚಾಗಿ ಎಚ್‌ಡಿ ರೆಡಿ, 1366×768. ಮೇಜಿನ ಮೇಲಿಟ್ಟು ಓದಲು ಅದು ಆಗದ ಮಾತು. 43 ಇಂಚಿನ 4ಕೆ ಟಿವಿ ಬೇರೆ ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಅದು ಕೈಗೆಟುಕುವಂತಾಗಿದೆ. ಗೋಡೆಗೆ ಹಾಕಿ, ಮಂಚದಲ್ಲಿ ಕೂತು ಆಡುವುದೇ ಮುಖ್ಯವಾದರೆ, ಗೇಮ್ ಮೋಡ್ ಇರುವ ಅಂಥ ಟಿವಿ ಸರಿಯಾದ ಆಯ್ಕೆ. ಮೇಜಿನ ಓದಿಗೆ ಅದು ಬೇಡ. 32 ಇಂಚಿನವರೆಗಿನ ಮಾನಿಟರಿಗೆ ಅದಕ್ಕೂ ಮುಂಚೆಯೇ ಶೇ. 18 ಇದ್ದುದರಿಂದ ಅವುಗಳ ಬೆಲೆಯಲ್ಲಿ ಈ ಬದಲಾವಣೆಯಿಂದ ಏನೂ ಆಗಿಲ್ಲ.

ಸದ್ದಿನ ಬಗ್ಗೆ ಒಂದು ಮಾತು. ಅಗ್ಗದ ಮಾನಿಟರುಗಳಲ್ಲಿ ಸ್ಪೀಕರ್ ಇರುವುದಿಲ್ಲ, ಇದ್ದರೂ ಎರಡು ವ್ಯಾಟಿನದ್ದು. ಕನ್ಸೋಲಿಗೆ ತನ್ನದೇ ಸ್ಪೀಕರ್ ಇಲ್ಲ. ಮಾನಿಟರಿನ ಹಿಂದೆ 3.5 ಮಿ.ಮೀ. ಆಡಿಯೊ ಪೋರ್ಟ್ ಇದೆಯೇ ನೋಡಿಕೊಂಡರೆ ಮನೆಯಲ್ಲಿರುವ ಯಾವ ಸ್ಪೀಕರನ್ನಾದರೂ ಜೋಡಿಸಬಹುದು. ಪಿಎಸ್ 5ರ ಕಂಟ್ರೋಲರಿಗೇ ಹೆಡ್‌ಫೋನ್ ಸಿಕ್ಕಿಸಬಹುದು. ರಾತ್ರಿ ಆಡುವವರಿರುವ ಮನೆಗೆ ಅದೇ ಒಳ್ಳೆಯದು.

ಪೇಟೆಯ ಸಲಹೆಗಳಲ್ಲಿ ಎಲ್ಲೂ ಕಾಣದ, ನಮ್ಮ ಕರಾವಳಿಗೆ ಮಾತ್ರ ಸೇರಿದ ಭಾಗವೊಂದಿದೆ. ಪತ್ತನಾಜೆಯ ಹಿಂದುಮುಂದಿನ ಸಿಡಿಲು, ಮಳೆ ಹಿಡಿದ ಮೇಲೆ ಹೋಗಿಬರುವ ಕರೆಂಟು, ಆಟಿಯಲ್ಲಿ ಬೆವರುವ ಗೋಡೆ, ವರ್ಷವಿಡೀ ಉಪ್ಪುಗಾಳಿ. ಕೆಮ್ಮಣ್ಣು, ಹೂಡೆ, ಮಲ್ಪೆ, ಕಾಪುವಿನ ಕಡಲಂಚಿನ ಮನೆಗಳಿಗೆ ಇವು ನಾಲ್ಕೂ ಉಂಟು. ಕಾರ್ಕಳದಲ್ಲಿ ಉಪ್ಪುಗಾಳಿ ಇಲ್ಲ, ಸಿಡಿಲಿಗೆ ಕೊರತೆಯಿಲ್ಲ. ಹಾಗಾಗಿ ನಾನು ನೋಡುವ ಒಂದು ಅಂಶ ಅಡಾಪ್ಟರಿನದ್ದು. ಕೆಲವು ಮಾನಿಟರುಗಳಲ್ಲಿ ಪವರ್ ಸಪ್ಲೈ ಒಳಗೇ ಇರುತ್ತದೆ, ಗೋಡೆಯಿಂದ ವೈರು ನೇರ ಬೆನ್ನಿಗೆ ಹೋಗುತ್ತದೆ. ಇನ್ನು ಕೆಲವಕ್ಕೆ ಲ್ಯಾಪ್‌ಟಾಪಿನಂತೆ ಹೊರಗೊಂದು ಅಡಾಪ್ಟರ್. ಮೇಜು ಚೊಕ್ಕಟವಾಗಿರಲಿ ಎನ್ನುವವರು ಒಳಗಿರುವುದನ್ನು ಇಷ್ಟಪಡುತ್ತಾರೆ. ನಮ್ಮಲ್ಲಿ ಹೊರಗಿರುವುದೇ ಮೇಲು. ವೋಲ್ಟೇಜ್ ಏರಿದಾಗ ಮೊದಲ ಪೆಟ್ಟು ತಿನ್ನುವುದು ಅಡಾಪ್ಟರು, ಮತ್ತು ಅದು ಸತ್ತರೆ ಮಾನಿಟರಿಗೆ ಸರಿಹೊಂದುವ ಇನ್ನೊಂದನ್ನು ತಂದರಾಯಿತು. ಒಳಗಿನ ಬೋರ್ಡು ಸುಟ್ಟರೆ ಇಡೀ ಪರದೆಯನ್ನು ಹೊತ್ತುಕೊಂಡು ಸರ್ವಿಸ್ ಸೆಂಟರಿಗೆ ಹೋಗಬೇಕು.

ಗುಡುಗು ಕೇಳಿದರೆ ಪ್ಲಗ್ ಕೀಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಆದರೆ ಸಿಡಿಲಿನ ವಿದ್ಯುತ್ತು ಕರೆಂಟಿನ ವೈರಿನಲ್ಲಿ ಮಾತ್ರ ಬರುವುದಿಲ್ಲ. ಕನ್ಸೋಲಿಗೆ ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಹಾಕಿದ್ದರೆ ಆ ದಾರಿಯಿಂದ ಕನ್ಸೋಲಿಗೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಮಾನಿಟರಿಗೆ ದಾಟಬಹುದು. ಮನೆಯವರೆಗೆ ಬರುವುದು ಫೈಬರ್ ಆದರೆ ಆ ಫೈಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಕಂಬದಿಂದ ತಾಮ್ರದ ತಂತಿಯೇ ಬಂದಿದ್ದರೆ ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು. ಆಟಿಯ ತಿಂಗಳಲ್ಲಿ ಮಾನಿಟರನ್ನು ಗೋಡೆಗೆ ಒತ್ತಿ ಇಡಬೇಡಿ, ಪ್ಲಾಸ್ಟಿಕ್ ಹೊದಿಸಿ ತೇವವನ್ನು ಒಳಗೇ ಕಟ್ಟಿಹಾಕಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಹಚ್ಚಿಟ್ಟರೆ ಅದರ ಬಿಸಿಗೇ ಒಳಗೆ ಒಣಗಿರುತ್ತದೆ, ಬೂಸ್ಟು ಹಿಡಿಯುವುದಿಲ್ಲ. ಬಳಸದ ಪೋರ್ಟುಗಳಿಗೆ ರಬ್ಬರಿನ ಮುಚ್ಚಳ ಹಾಕಿದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ತಡವಾಗುತ್ತದೆ. ಬೆಳಕಿಗೆ ಬಂದ ಸಣ್ಣ ಹುಳ ಪರದೆಯ ಪದರದೊಳಗೆ ನುಗ್ಗಿದ್ದು ಕಂಡರೆ ಒತ್ತಬೇಡಿ. ಬೆಳಕು ಆರಿಸಿದರೆ ತಾನೇ ಹೊರಗೆ ಹೋದೀತು. ಒತ್ತಿ ಕೊಂದರೆ ಆ ಚುಕ್ಕೆ ಅಲ್ಲೇ ಉಳಿಯುತ್ತದೆ.

ನಮ್ಮ ಕಡೆ ದುಬೈ, ಕುವೈತ್, ಮಸ್ಕತ್ತಿನಲ್ಲಿ ಯಾರೂ ಇಲ್ಲದ ಮನೆ ಕಡಿಮೆ. "ಮಾಮ ಬರುವಾಗ ತರಲಿ" ಎಂಬ ಮಾತು ಬಂದೇ ಬರುತ್ತದೆ. ಕನ್ಸೋಲ್ ತರಿಸಿಕೊಳ್ಳಬಹುದು, ಪಿಎಸ್ 5ರ ಆಟದ ಡಿಸ್ಕುಗಳಿಗೆ ದೇಶದ ಬೀಗವಿಲ್ಲ. ಪರದೆ ಬೇಡ. ದಾರಿಯಲ್ಲಿ ಒಡೆಯುವ ಭಯ ಒಂದು, ವಾರಂಟಿ ಹೆಚ್ಚಾಗಿ ಕೊಂಡ ದೇಶಕ್ಕೇ ಸೀಮಿತ ಎಂಬುದು ಇನ್ನೊಂದು. ಟಿವಿಯಾದರೆ 2013ರ ಆಗಸ್ಟ್ 26ರಿಂದ ಲಗೇಜಿನಲ್ಲಿ ಸುಂಕದ ವಿನಾಯಿತಿಯೂ ಇಲ್ಲ. ಕೋರ್ಸು ಮುಗಿಸಿ ಮಣಿಪಾಲ ಬಿಡುವ ವಿದ್ಯಾರ್ಥಿಗಳಿಂದ ಸೆಕೆಂಡ್‌ಹ್ಯಾಂಡ್ ಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ. ಬಿಲ್ಲು ಕೇಳಿ ಪಡೆಯಿರಿ. ಹೆಚ್ಚಿನ ಒಳ್ಳೆಯ ಕಂಪನಿಗಳ ಮಾನಿಟರಿಗೆ ಮೂರು ವರ್ಷದ ವಾರಂಟಿ ಇರುವುದರಿಂದ ಅದರಲ್ಲಿ ಇನ್ನೂ ಒಂದಷ್ಟು ಉಳಿದಿರಬಹುದು. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ ಮತ್ತು ಮೂಲೆಯ ಬೆಳಕಿನ ಸೋರಿಕೆ ನೋಡಿ. ಎಚ್‌ಡಿಎಂಐ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿದಾಗ ಚಿತ್ರ ಹೋದರೆ ಅದನ್ನು ಬಿಟ್ಟುಬಿಡಿ.

ಹೊಸದು ಕೊಳ್ಳುವವರು ವಾರಂಟಿಯ ವರ್ಷಕ್ಕಿಂತ ಅದರ ಬಗೆಯನ್ನು ಕೇಳಬೇಕು. ಮನೆಗೆ ಬಂದು ನೋಡುತ್ತಾರೆಯೇ, ನಾವೇ ಒಯ್ಯಬೇಕೇ? ಒಯ್ಯುವುದಾದರೆ ಉಡುಪಿಗೋ ಮಂಗಳೂರಿಗೋ? 27 ಇಂಚಿನ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುವುದು ಸಣ್ಣ ಕೆಲಸವಲ್ಲ. ಈ ಒಂದು ಕಾರಣಕ್ಕೆ ಉಡುಪಿಯ ಅಂಗಡಿಯಲ್ಲಿ ಐನೂರು–ಸಾವಿರ ಹೆಚ್ಚು ಕೊಟ್ಟು ಕೊಳ್ಳುವುದನ್ನು ನಾನು ಸಮರ್ಥಿಸುತ್ತೇನೆ. ಆನ್‌ಲೈನಿನಲ್ಲಿ ಕೊಂಡರೆ ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ, ಹಿಂದೆ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ. ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915 ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಕಾಯ್ದೆಯಂತೆ ಮಾರಿದವನು ಎಲ್ಲೇ ಇರಲಿ, ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಬೆಲೆಗೆ ಬರೋಣ. 24 ಇಂಚಿನ ಐಪಿಎಸ್ ಫುಲ್ ಎಚ್‌ಡಿ, 100 ಹರ್ಟ್ಸ್ ಮಾನಿಟರುಗಳು ಈಚಿನ ವರ್ಷಗಳಲ್ಲಿ ಸುಮಾರು ಏಳರಿಂದ ಹತ್ತು ಸಾವಿರದೊಳಗೆ ಸಿಗುತ್ತಿವೆ. ಪಿಎಸ್ 4, ಹಳೆಯ ಸ್ವಿಚ್ ಇರುವವರಿಗೆ, ಮೇಜು ಚಿಕ್ಕದಾಗಿರುವವರಿಗೆ, ಕಾಲೇಜು ಮಕ್ಕಳಿಗೆ ಅದು ಧಾರಾಳ ಸಾಕು. ಪಿಎಸ್ 5 ಅಥವಾ ಸೀರೀಸ್ ಎಸ್ ಇರುವ, ದಿನವಿಡೀ ಕೆಲಸ ಮಾಡುವ ಮನೆಗೆ 27 ಇಂಚಿನ ಕ್ಯೂಎಚ್‌ಡಿ ಐಪಿಎಸ್, 144ರಿಂದ 180 ಹರ್ಟ್ಸ್, ಸುಮಾರು ಹದಿನೈದರಿಂದ ಇಪ್ಪತ್ತು ಸಾವಿರ. ಕೆಮ್ಮಣ್ಣಿನ ಆ ಅಣ್ಣ-ತಮ್ಮಂದಿರಿಗೆ ನಾನು ಹೇಳುವುದು ಇದನ್ನೇ. 27 ಇಂಚಿನ 4ಕೆ 60 ಹರ್ಟ್ಸ್ ಇದಕ್ಕಿಂತ ತುಸು ಹೆಚ್ಚು. ಅಕ್ಷರ ಅಚ್ಚಿನಂತೆ ಕಾಣುತ್ತದೆ, ಬರಹದ ಕೆಲಸವೇ ಮುಖ್ಯವಾಗಿ ಆಟ ನಿಧಾನದ್ದಾದರೆ ಅದನ್ನು ತೆಗೆದುಕೊಳ್ಳಬಹುದು. 4ಕೆ, 120 ಎರಡೂ ಬೇಕೆಂದರೆ ಮೂವತ್ತು ಸಾವಿರದತ್ತ ಹೋಗಬೇಕು, ಅದು ಅಗ್ಗದ ಲೆಕ್ಕವಲ್ಲ. ಟೈಪ್-ಸಿ ಒಂದೇ ಕೇಬಲಿನಲ್ಲಿ ಚಿತ್ರವನ್ನೂ 65 ವ್ಯಾಟ್ ಚಾರ್ಜನ್ನೂ ಕೊಡುವ ಮಾದರಿಗಳಿಗೆ ಇನ್ನೂ ಕೆಲವು ಸಾವಿರ ಸೇರಿಸಿಕೊಳ್ಳಬೇಕು. ಲ್ಯಾಪ್‌ಟಾಪನ್ನು ದಿನಾ ಕಚೇರಿಗೆ ಒಯ್ಯುವವರಿಗೆ ಮಾತ್ರ ಆ ಖರ್ಚು ಸಾರ್ಥಕ.

ಮಾನಿಟರಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದೇ ಕೇಬಲ್ ಬರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಕನ್ಸೋಲಿಗೆ ಅದರ ಪೆಟ್ಟಿಗೆಯಲ್ಲೇ ಬಂದ ಎಚ್‌ಡಿಎಂಐ ಕೇಬಲನ್ನು ಬಳಸಿ. ಜೋಡಿಸಿದ ಮೇಲೆ ಕನ್ಸೋಲಿನ ಸೆಟ್ಟಿಂಗಿಗೆ ಹೋಗಿ 120 ಹರ್ಟ್ಸ್ ಆನ್ ಆಗಿದೆಯೇ, ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60ರ ಬದಲು ಪೂರ್ತಿ ಹರ್ಟ್ಸ್ ಆರಿಸಿದೆಯೇ ನೋಡಿ. ಹಣ ಕೊಟ್ಟು ತಂದದ್ದನ್ನು 60ರಲ್ಲೇ ವರ್ಷಗಟ್ಟಲೆ ಓಡಿಸುತ್ತಿರುವವರು ಬಹಳ. ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲನ್ನೂ ಅಟ್ಟದಲ್ಲಿ ಒಣ ಜಾಗ ನೋಡಿ ಇಡಿ. ವಾರಂಟಿಗೆ ಒಯ್ಯಬೇಕಾಗಿ ಬಂದರೆ ಅದಿಲ್ಲದೆ ಸಾಗಿಸುವುದು ಕಷ್ಟ.